ಅಣುವನ್ನು ಯಾವ ಗಳಿಗೆಯಲ್ಲಿ ಬಿಗಿಯಾಗಿ ಹಿಡಿಯಬೇಕು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ತೆರೆಯ ಮೇಲೆ ಚಿತ್ರ ತೋರಿಸಿ ಮುಂದೆ ಹೋಗಿದ್ದ ಕಡೆಗಳಲ್ಲಿ ಇಲ್ಲಿ ನಾಲ್ಕು ಮಾತು ಹೆಚ್ಚು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತನ್ನು ಒಂದು ಸಂಖ್ಯೆಯಿಂದ ಶುರು ಮಾಡುತ್ತೇನೆ: 7.8 ಕೋಟಿ ವರ್ಷ.

ಆರ್‌ಎನ್‌ಎ ಕಟ್ಟಲು ಜೀವಕೋಶಕ್ಕೆ ಯುರಿಡಿನ್ ಮಾನೊಫಾಸ್ಫೇಟ್ ಎಂಬ ಅಣು ಬೇಕು. ಅದನ್ನು ತಯಾರಿಸುವ ಕೊನೆಯ ಹೆಜ್ಜೆಯಲ್ಲಿ ಓರೊಟಿಡಿನ್ ಮಾನೊಫಾಸ್ಫೇಟ್ ಎಂಬ ಇನ್ನೊಂದು ಅಣುವಿನಿಂದ ಇಂಗಾಲದ ಡೈಆಕ್ಸೈಡ್ ಕಳಚಿಕೊಳ್ಳಬೇಕು. ಕಾಗದದ ಮೇಲೆ ಬರೆದರೆ ಒಂದೇ ಒಂದು ಬಾಣದ ಗುರುತು. ಆದರೆ 25 ಡಿಗ್ರಿ ಸೆಲ್ಸಿಯಸ್‌ನ ತಟಸ್ಥ ನೀರಿನಲ್ಲಿ ಇದು ತಾನಾಗಿಯೇ ಆಗಲಿ ಎಂದು ಬಿಟ್ಟರೆ, ಅರ್ಧದಷ್ಟು ಅಣುಗಳು ಬದಲಾಗಲು 7.8 ಕೋಟಿ ವರ್ಷ ಹಿಡಿಯುತ್ತದೆ. ಡೈನೋಸಾರ್‌ಗಳು ಅಳಿದು ಸುಮಾರು 6.6 ಕೋಟಿ ವರ್ಷವಾಯಿತು. ಅವು ಅಳಿದ ದಿನ ಈ ದ್ರಾವಣವನ್ನು ಮುಚ್ಚಿಟ್ಟಿದ್ದರೆ ಇವತ್ತಿಗೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿರುತ್ತಿತ್ತು. ಅಷ್ಟು ಕಾಲ ಯಾರೂ ಕಾದು ಕೂರಲಿಲ್ಲ ಬಿಡಿ. 1995ರಲ್ಲಿ ಅನ್ನಾ ರಾಡ್ಜಿಕಾ ಮತ್ತು ರಿಚರ್ಡ್ ವುಲ್ಫೆಂಡನ್ ಇದೇ ಬಗೆಯ ಸರಳ ಅಣುವೊಂದನ್ನು ಮುಚ್ಚಿದ ಕೊಳವೆಗಳಲ್ಲಿ ಹೆಚ್ಚು ಉಷ್ಣತೆಗೆ ಕಾಯಿಸಿ, ಅಲ್ಲಿ ಅಳೆದ ವೇಗದಿಂದ 25 ಡಿಗ್ರಿಯ ವೇಗವನ್ನು ಲೆಕ್ಕ ಹಾಕಿದರು.

ಜೀವಕೋಶದೊಳಗೆ ಇದೇ ಕೆಲಸಕ್ಕೆ ಒಂದು ಕಿಣ್ವ ಇದೆ. ಅದರ ಒಂದೊಂದು ಅಣುವೂ ಸೆಕೆಂಡಿಗೆ ಸುಮಾರು 39 ಸಲ ಈ ಕ್ರಿಯೆಯನ್ನು ಮಾಡಿ ಮುಗಿಸುತ್ತದೆ. ಎರಡೂ ವೇಗಗಳ ಅನುಪಾತ ಬರೆಯಬೇಕಾದರೆ 1ರ ಮುಂದೆ 17 ಸೊನ್ನೆ ಬೇಕು. ಇಷ್ಟು ವೇಗ ಎಂದ ಮೇಲೆ ಒಳಗೆ ಯಾವುದೋ ಪ್ರಬಲ ಲೋಹವೋ ವಿಟಮಿನ್‌ನಿಂದ ಬಂದ ಸಹಾಯಕ ಅಣುವೋ ಇರಬೇಕು ಅನ್ನಿಸುತ್ತದೆ. ಎರಡೂ ಇಲ್ಲ. ಇರುವುದು ಪ್ರೋಟೀನಿನ ಒಂದು ಪೊಟರೆ, ಅದರ ಗೋಡೆಗಳಲ್ಲಿ ಹೈಡ್ರೋಜನ್ ಬಂಧಕ್ಕೆ ಕಾದಿರುವ ಗುಂಪುಗಳು, ಒಂದಷ್ಟು ವಿದ್ಯುದಂಶ.

ಇನ್ನೂ ವಿಚಿತ್ರ ಏನೆಂದರೆ, ಈ ಅಣುವಿನ ಒಂದು ತುದಿಯಲ್ಲಿ ಫಾಸ್ಫೇಟ್ ಗುಂಪು ಇದೆ. ಇಂಗಾಲದ ಡೈಆಕ್ಸೈಡ್ ಕಳಚಿಕೊಳ್ಳುವುದು ಇನ್ನೊಂದು ತುದಿಯ ಉಂಗುರದಿಂದ. ಮುರಿಯುವ ಬಂಧಕ್ಕೂ ಫಾಸ್ಫೇಟಿಗೂ ರಾಸಾಯನಿಕವಾಗಿ ಯಾವ ಲೇವಾದೇವಿಯೂ ಇಲ್ಲ. ಆದರೂ ಫಾಸ್ಫೇಟ್ ಬಾಲವನ್ನು ಕತ್ತರಿಸಿ ಉಳಿದ ತುಂಡನ್ನು ಕೊಟ್ಟರೆ ಕಿಣ್ವ ಹೆಚ್ಚುಕಡಿಮೆ ಮಂಕಾಗಿ ಕೂರುತ್ತದೆ. 2005ರಲ್ಲಿ ಟೀನಾ ಅಮೈಸ್, ಜಾನ್ ರಿಚರ್ಡ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಾಲವಿಲ್ಲದ ಅಣುವಿನ ಜೊತೆಗೆ ಫಾಸ್ಫೈಟ್ ಎಂಬ ಪುಟ್ಟ ಅಯಾನನ್ನು ಬೇರೆಯಾಗಿ ದ್ರಾವಣಕ್ಕೆ ಹಾಕಿದರು. ಅದು ಹೋಗಿ ಬಾಲದ ಜಾಗದಲ್ಲಿ ಕೂತಿತು. ಕ್ರಿಯೆಯ ದಕ್ಷತೆ ಸುಮಾರು 80,000 ಪಟ್ಟು ಏರಿತು! ಫಾಸ್ಫೈಟಿಗೂ ಅಣುವಿಗೂ ನಡುವೆ ಬಂಧವೇ ಇಲ್ಲ. ಕಿಣ್ವ ಒಂದು ಕಡೆ ಒಂದನ್ನು ಹಿಡಿದುಕೊಂಡಿತು, ಇನ್ನೊಂದು ಕಡೆ ಕ್ರಿಯೆ ಜೋರಾಯಿತು.

ಹಿಡಿಯುವುದಕ್ಕೂ ಕ್ರಿಯೆಗೂ ಇರುವ ಈ ನಂಟೇ ನನ್ನ ವಿಷಯ. ಒಂದು ಅಣು ಇನ್ನೊಂದನ್ನು ಗುರುತಿಸಿ ಅಂಟಿಕೊಳ್ಳುವುದನ್ನು ಆಣ್ವಿಕ ಗುರುತಿಸುವಿಕೆ ಎನ್ನುತ್ತೇವೆ. ಅದರಿಂದ ರಾಸಾಯನಿಕ ಕ್ರಿಯೆ ಹೇಗೆ ವೇಗವಾಗುತ್ತದೆ, ಕೆಲವೊಮ್ಮೆ ಹೇಗೆ ನಿಂತೇ ಹೋಗುತ್ತದೆ, ಇನ್ನು ಕೆಲವೊಮ್ಮೆ ಹೇಗೆ ಬೇರೆಯೇ ದಾರಿ ಹಿಡಿಯುತ್ತದೆ ಎಂಬುದನ್ನು ನೋಡೋಣ.

ಮೊದಲು ಹಿಡಿತದ ಬಗ್ಗೆ ಎರಡು ಮಾತು. ಅಣುಗಳಿಗೆ ಕಣ್ಣಿಲ್ಲ, ತಡವಿಯೇ ತಿಳಿಯಬೇಕು. ಆಕಾರ ಹೊಂದಬೇಕು, ಧನ ವಿದ್ಯುದಂಶದ ಎದುರು ಋಣ ಬರಬೇಕು, ಹೈಡ್ರೋಜನ್ ಕೊಡುವ ಗುಂಪಿನ ಎದುರು ಪಡೆಯುವ ಗುಂಪು ನಿಲ್ಲಬೇಕು, ಎಣ್ಣೆಯಂಥ ಮೈಗೆ ಎಣ್ಣೆಯಂಥ ಮೈ ತಾಗಬೇಕು. ಇವೆಲ್ಲ ದುರ್ಬಲ ಬಲಗಳು. ಮೇಲಾಗಿ ನೀರು ಸುಮ್ಮನಿರುವುದಿಲ್ಲ. ಎರಡು ಅಣುಗಳು ಅಪ್ಪಿಕೊಳ್ಳುವ ಮುನ್ನ ತಮ್ಮ ಮೈಗೆ ಅಂಟಿದ ನೀರನ್ನು ಕೊಡವಿಕೊಳ್ಳಬೇಕು, ಅದಕ್ಕೂ ಶಕ್ತಿ ಖರ್ಚಾಗುತ್ತದೆ. ಹಾಗಾಗಿ ಒಂದೊಂದು ಹೈಡ್ರೋಜನ್ ಬಂಧದಿಂದ ಕೊನೆಗೆ ಕೈಗೆ ಸಿಗುವ ನಿವ್ವಳ ಲಾಭ ಹಲವು ಸಲ ಕೆಲವೇ ಕಿಲೋಜೂಲ್. ಆದರೆ ಕೋಣೆಯ ಉಷ್ಣತೆಯಲ್ಲಿ ಮೋಲ್ ಒಂದಕ್ಕೆ 5.7 ಕಿಲೋಜೂಲ್ ಲಾಭವಾದರೆ ಸಾಕು, ಸಮತೋಲನವೋ ವೇಗವೋ ಹತ್ತು ಪಟ್ಟು ಬದಲಾಗುತ್ತದೆ. ಹೀಗೆ ಹತ್ತು ಹತ್ತು ಪಟ್ಟುಗಳು ಒಂದರ ಮೇಲೊಂದು ಗುಣಿಸಿಕೊಳ್ಳುತ್ತ ಹೋಗುತ್ತವೆ. ಆಗ ಹೇಳಿದ 17 ಸೊನ್ನೆಗೆ ಬೇಕಾದದ್ದು ಸುಮಾರು 97 ಕಿಲೋಜೂಲ್. ಒಂದು ಗಟ್ಟಿ ಸಹವೇಲೆನ್ಸಿ ಬಂಧದ ಶಕ್ತಿಗಿಂತ ಇದು ಎಷ್ಟೋ ಕಡಿಮೆ.

ಬೀಗ ಸರಿ, ಕೀಲಿ ಯಾವುದು?

1894ರಲ್ಲಿ ಎಮಿಲ್ ಫಿಶರ್ ಸಕ್ಕರೆಗಳ ಜೊತೆ ಕೆಲಸ ಮಾಡುತ್ತಿದ್ದರು. ಮೀಥೈಲ್ ಗ್ಲುಕೋಸೈಡ್ ಎಂಬ ಸಂಯುಕ್ತಕ್ಕೆ ಆಲ್ಫಾ, ಬೀಟಾ ಎಂದು ಎರಡು ರೂಪ. ಒಂದೇ ಒಂದು ಇಂಗಾಲದ ಸುತ್ತ ಗುಂಪುಗಳ ಜೋಡಣೆ ಅದಲುಬದಲು, ಉಳಿದದ್ದೆಲ್ಲ ಒಂದೇ. ಯೀಸ್ಟಿನ ಕಿಣ್ವ ಆಲ್ಫಾ ರೂಪವನ್ನು ಒಡೆಯಿತು, ಬೀಟಾ ರೂಪವನ್ನು ಮುಟ್ಟಲಿಲ್ಲ. ಕಹಿ ಬಾದಾಮಿಯಿಂದ ಬಂದ ಎಮಲ್ಸಿನ್ ಬೀಟಾವನ್ನು ಒಡೆಯಿತು, ಆಲ್ಫಾದ ತಂಟೆಗೆ ಹೋಗಲಿಲ್ಲ. ಕಿಣ್ವವೂ ಅದು ಕೆಲಸ ಮಾಡುವ ಅಣುವೂ ಬೀಗ-ಕೀಲಿಯಂತೆ ಹೊಂದಬೇಕು ಎಂಬ ಫಿಶರ್ ಅವರ ಮಾತು ಹುಟ್ಟಿದ್ದು ಇಲ್ಲಿ. ಪ್ರೋಟೀನಿನ ರಚನೆ ಏನೆಂದೇ ಗೊತ್ತಿರದ ಕಾಲದಲ್ಲಿ ಆಡಿದ ಮಾತಿದು.

ನನ್ನ ತಕರಾರು ಫಿಶರ್ ಜೊತೆ ಇಲ್ಲ, ಪಠ್ಯಪುಸ್ತಕಗಳ ಜೊತೆ ಇದೆ. ಬೀಗ-ಕೀಲಿಯ ಚಿತ್ರ ಬರೆದು ಅಲ್ಲಿಗೇ ಬಿಟ್ಟುಬಿಡುತ್ತವೆ. ಕಿಣ್ವ ಯಾವ ಅಣುವನ್ನು ಆರಿಸುತ್ತದೆ ಎಂಬುದಕ್ಕೆ ಆ ಚಿತ್ರದಲ್ಲಿ ಉತ್ತರ ಇದೆ, ಕ್ರಿಯೆ ಯಾಕೆ ವೇಗವಾಗುತ್ತದೆ ಎಂಬುದಕ್ಕೆ ಇಲ್ಲ. ಸ್ವಲ್ಪ ಯೋಚಿಸಿದರೆ ಚಿತ್ರ ತಿರುಗುಬಾಣವೂ ಆಗುತ್ತದೆ. ಅಣು ಆರಂಭದ ಸ್ಥಿತಿಯಿಂದ ಒಂದು ಶಕ್ತಿಯ ದಿಬ್ಬ ಹತ್ತಿ ಆಚೆ ಇಳಿದರೆ ಕ್ರಿಯೆ ಆದಂತೆ. ಕಿಣ್ವದ ಪೊಟರೆಗೆ ಆರಂಭದ ಅಣುವೇ ಹೇಳಿ ಮಾಡಿಸಿದಂತೆ ಹೊಂದಿಕೊಂಡಿತು ಎನ್ನಿ. ಆಗ ಅದು ಒಂದು ಆಳವಾದ ಗುಂಡಿಯಲ್ಲಿ ಆರಾಮಾಗಿ ಕೂತ ಹಾಗಾಯಿತು. ದಿಬ್ಬದ ತುದಿ ಅಲ್ಲೇ ಇದೆ, ಹತ್ತಬೇಕಾದ ಎತ್ತರ ಹೆಚ್ಚಾಯಿತು. ಬಿಗಿಯಾಗಿ ಹಿಡಿದದ್ದರಿಂದಲೇ ಕ್ರಿಯೆ ನಿಧಾನವಾಯಿತು.

ಈ ತೊಡಕು ಜೆ. ಬಿ. ಎಸ್. ಹಾಲ್ಡೇನ್ ಅವರಿಗೆ 1930ರಲ್ಲೇ ಹೊಳೆದಿತ್ತು. ಕೀಲಿ ಬೀಗಕ್ಕೆ ಪೂರ್ತಿ ಹೊಂದುವುದಿಲ್ಲ, ಬೀಗ ಅದನ್ನು ಒಂಚೂರು ಸೆಳೆದು ತಿರುಚುತ್ತದೆ ಎಂಬ ಅರ್ಥದಲ್ಲಿ ಅವರು ಬರೆದರು. 1935ರಲ್ಲಿ ಹೆನ್ರಿ ಐರಿಂಗ್ ಒಂದು ಕಡೆ, ಎವಾನ್ಸ್ ಮತ್ತು ಪೊಲಾನ್ಯಿ ಇನ್ನೊಂದು ಕಡೆ ಸಂಕ್ರಮಣ ಸ್ಥಿತಿಯ ಸಿದ್ಧಾಂತವನ್ನು ಕಟ್ಟಿದರು. ದಿಬ್ಬದ ನೆತ್ತಿಯ ಮೇಲೆ ಅಣು ಇರುವ ರೂಪವೇ ಸಂಕ್ರಮಣ ಸ್ಥಿತಿ: ಹಳೆಯ ಬಂಧ ಅರ್ಧ ಮುರಿದಿದೆ, ಹೊಸದು ಅರ್ಧ ಮೂಡಿದೆ. ಅದರ ಆಯುಸ್ಸು ಒಂದು ಬಂಧ ಒಮ್ಮೆ ಕಂಪಿಸುವಷ್ಟು ಹೊತ್ತು, ಅಂದರೆ ಒಂದು ಸೆಕೆಂಡನ್ನು ಸುಮಾರು ಹತ್ತು ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು. 1946ರಿಂದ 1948ರ ನಡುವೆ ಲೈನಸ್ ಪಾಲಿಂಗ್ ಎರಡನ್ನೂ ಜೋಡಿಸಿದರು. ಕಿಣ್ವದ ಪೊಟರೆ ಹೇಳಿ ಮಾಡಿಸಿದಂತೆ ಹೊಂದುವುದು ಆರಂಭದ ಅಣುವಿಗಲ್ಲ, ಈ ಕ್ಷಣಿಕ ರೂಪಕ್ಕೆ. ಆರಂಭದ ಅಣುವನ್ನು ಸಡಿಲವಾಗಿ ಹಿಡಿದು, ದಿಬ್ಬದ ನೆತ್ತಿಯಲ್ಲಿ ಬಿಗಿಯಾಗಿ ಅಪ್ಪಿಕೊಂಡರೆ ನೆತ್ತಿಯೇ ಕೆಳಗಿಳಿಯುತ್ತದೆ.

ನಾವು ಶುರುವಿನಲ್ಲಿ ನೋಡಿದ ಕಿಣ್ವಕ್ಕೆ ಈ ಲೆಕ್ಕ ಹಾಕಿದರೆ, ಸಂಕ್ರಮಣ ಸ್ಥಿತಿಯ ಜೊತೆ ಅದರ ವಿಯೋಜನ ಸ್ಥಿರಾಂಕ (ಇದು ಚಿಕ್ಕದಾದಷ್ಟೂ ಹಿಡಿತ ಬಿಗಿ) ಸುಮಾರು 10⁻²³ ಮೋಲಾರ್, ಅಂದರೆ ಲೀಟರಿಗೆ ಅಷ್ಟು ಮೋಲ್, ಎಂದು ಬರುತ್ತದೆ. ಜೀವಲೋಕದಲ್ಲಿ ಅತ್ಯಂತ ಗಟ್ಟಿ ಎಂದು ಹೆಸರಾದ ಬಯೋಟಿನ್-ಅವಿಡಿನ್ ಜೋಡಿಯದ್ದು 10⁻¹⁵ರ ಆಸುಪಾಸು. ಅಲ್ಲಿಗೆ ಹೋಲಿಸಿ ನೋಡಿ.

ಪಾಲಿಂಗ್ ಅವರ ವಿಚಾರದಿಂದ ಒಂದು ಭವಿಷ್ಯವಾಣಿ ತಾನಾಗಿ ಹುಟ್ಟುತ್ತದೆ. ಸಂಕ್ರಮಣ ಸ್ಥಿತಿಯನ್ನು ಹೋಲುವ, ಆದರೆ ಕ್ರಿಯೆಗೆ ಒಳಗಾಗದ ಸ್ಥಿರ ಅಣುವನ್ನು ತಯಾರಿಸಿ ಕಿಣ್ವಕ್ಕೆ ಕೊಟ್ಟರೆ, ಕಿಣ್ವ ಅದನ್ನು ನಿಜವಾದ ಅಣುವಿಗಿಂತ ಎಷ್ಟೋ ಬಿಗಿಯಾಗಿ ಹಿಡಿದು ಕೆಲಸ ನಿಲ್ಲಿಸಬೇಕು. ಹಾಗೇ ಆಯಿತು. ವರ್ನ್ ಶ್ರಾಮ್ ಅವರ ತಂಡ ಪ್ಯೂರಿನ್ ನ್ಯೂಕ್ಲಿಯೋಸೈಡ್ ಫಾಸ್ಫೊರಿಲೇಸ್ ಎಂಬ ಕಿಣ್ವವನ್ನು ಕೈಗೆತ್ತಿಕೊಂಡಿತು. ಅಣುವಿನಲ್ಲಿ ಒಂದೊಂದು ಪರಮಾಣುವಿನ ಜಾಗಕ್ಕೆ ಅದರ ಭಾರವಾದ ಐಸೋಟೋಪ್ ಇಟ್ಟು, ವೇಗ ಎಷ್ಟು ಬದಲಾಯಿತು ಎಂದು ಅಳೆದು, ಆ ಅಳತೆಗಳಿಂದ ಯಾರೂ ಕಣ್ಣಲ್ಲಿ ಕಾಣಲಾಗದ ಸಂಕ್ರಮಣ ಸ್ಥಿತಿಯ ಆಕಾರವನ್ನೂ ವಿದ್ಯುದಂಶದ ಹಂಚಿಕೆಯನ್ನೂ ಊಹಿಸಿತು. ಅದರ ಪಡಿಯಚ್ಚಿನಂತೆ ಮಾಡಿದ ಇಮ್ಯುಸಿಲಿನ್-ಎಚ್ ಎಂಬ ಅಣು ಕಿಣ್ವಕ್ಕೆ ಪೈಕೋಮೋಲಾರ್ ಮಟ್ಟದಲ್ಲಿ, ಅಂದರೆ ಅತ್ಯಂತ ಬಿಗಿಯಾಗಿ, ಅಂಟಿಕೊಂಡಿತು. ಫೊರೊಡೆಸಿನ್ ಎಂಬ ಹೆಸರಿನಲ್ಲಿ 2017ರಲ್ಲಿ ಜಪಾನ್ ಅದನ್ನು ಒಂದು ಬಗೆಯ ಟಿ-ಕೋಶ ಲಿಂಫೋಮಾಕ್ಕೆ ಔಷಧಿಯಾಗಿ ಒಪ್ಪಿತು.

ಇನ್ನೊಂದು ಪರೀಕ್ಷೆ ಇದಕ್ಕಿಂತ ಧೈರ್ಯದ್ದು. ಪ್ರತಿಕಾಯಗಳು ಹಿಡಿಯುವುದರಲ್ಲಿ ನಿಸ್ಸೀಮರು, ಯಾವ ಅಣು ತೋರಿಸಿದರೂ ಅದಕ್ಕೆ ಹೊಂದುವ ಪ್ರತಿಕಾಯ ದೇಹದಲ್ಲಿ ತಯಾರಾಗುತ್ತದೆ. ಹಾಗಿದ್ದರೆ ಸಂಕ್ರಮಣ ಸ್ಥಿತಿಯಂಥ ಅಣುವನ್ನು ತೋರಿಸಿ ಪ್ರತಿಕಾಯ ಬೆಳೆಸಿದರೆ ಅದು ಕಿಣ್ವದಂತೆ ಕೆಲಸ ಮಾಡಬೇಕಲ್ಲ? ವಿಲಿಯಂ ಜೆಂಕ್ಸ್ 1969ರಲ್ಲಿ ಮುಂದಿಟ್ಟ ಈ ವಿಚಾರವನ್ನು 1986ರಲ್ಲಿ ರಿಚರ್ಡ್ ಲರ್ನರ್ ಮತ್ತು ಪೀಟರ್ ಶುಲ್ಟ್ಸ್ ಅವರ ತಂಡಗಳು ಬೇರೆಬೇರೆಯಾಗಿ ಮಾಡಿ ತೋರಿಸಿದವು. ಎಸ್ಟರ್ ಎಂಬ ಬಗೆಯ ಅಣು ಒಡೆಯುವಾಗ ಅದರ ಮಧ್ಯದ ಇಂಗಾಲ ಚಪ್ಪಟೆಯಿಂದ ನಾಲ್ಕು ಕೈ ಚಾಚಿದ ರೂಪಕ್ಕೆ ತಿರುಗುತ್ತದೆ. ರಂಜಕ ಇರುವ ಫಾಸ್ಫೊನೇಟ್‌ಗಳು ಅದೇ ರೂಪದಲ್ಲಿ ಸ್ಥಿರವಾಗಿರುತ್ತವೆ. ಅಂಥ ಗುಂಪಿಗೆ ಹೊಂದುವ ಪ್ರತಿಕಾಯಗಳು ನಿಜವಾಗಿಯೂ ಕ್ರಿಯೆಯನ್ನು ವೇಗಗೊಳಿಸಿದವು.

ಆದರೆ ಎಷ್ಟು? ಹೆಚ್ಚಿನವು ಸಾವಿರ ಪಟ್ಟು, ಲಕ್ಷ ಪಟ್ಟು. ಒಳ್ಳೆಯ ಕಿಣ್ವಗಳ ಮುಂದೆ ಅದು ಏನೇನೂ ಅಲ್ಲ. ಇಡೀ ಕಥೆಯಲ್ಲಿ ಹೆಚ್ಚು ಪಾಠ ಸಿಗುವುದು ಈ ಅರೆಸೋಲಿನಲ್ಲಿ ಎಂದು ನನಗನ್ನಿಸುತ್ತದೆ. ಮೊದಲನೆಯದಾಗಿ, ಪಡಿಯಚ್ಚು ಎಷ್ಟೇ ಹೋಲಿದರೂ ಪಡಿಯಚ್ಚೇ. ಅರ್ಧ ಮುರಿದ ಬಂಧದ ಉದ್ದ, ವಿದ್ಯುದಂಶದ ಹಂಚಿಕೆ ಅದರಲ್ಲಿ ಸರಿಯಾಗಿ ಬರುವುದಿಲ್ಲ. ಪ್ರತಿಕಾಯವನ್ನು ಆರಿಸಿದ್ದು ಪಡಿಯಚ್ಚನ್ನು ಹಿಡಿಯುವ ಶಕ್ತಿ ನೋಡಿ, ಕ್ರಿಯೆ ನಡೆಸುವ ಶಕ್ತಿ ನೋಡಿ ಅಲ್ಲ. ಕ್ರಿಯೆ ಮುಗಿದ ಮೇಲೂ ಉತ್ಪನ್ನ ಪೊಟರೆಯಲ್ಲೇ ಅಂಟಿ ಕೂತಿರುವುದು ಹಲವು ಪ್ರತಿಕಾಯಗಳ ಕಾಯಿಲೆ. ಈ ಬಿಡುವ ಸಮಸ್ಯೆಗೆ ಮುಂದೆ ಮತ್ತೆ ಬರುತ್ತೇನೆ.

ಒಳಗೆ ಬಂದವರೆಲ್ಲ ಅತಿಥಿಗಳಲ್ಲ

ಹೆಕ್ಸೊಕೈನೇಸ್ ಎಂಬ ಕಿಣ್ವ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯಿಂದ ಒಂದು ಫಾಸ್ಫೇಟನ್ನು ತೆಗೆದು ಗ್ಲುಕೋಸಿಗೆ ಕೊಡುತ್ತದೆ. ತೆಗೆದುಕೊಳ್ಳುವುದು ಗ್ಲುಕೋಸಿನ ಒಂದು ಓಎಚ್ ಗುಂಪು. ನೀರಿಗೂ ಓಎಚ್ ಇದೆ, ಗಾತ್ರದಲ್ಲಿ ಗ್ಲುಕೋಸಿಗಿಂತ ಎಷ್ಟೋ ಚಿಕ್ಕದು, ಸುತ್ತಲೂ ಬೇಕಾದಷ್ಟಿದೆ. ಪೊಟರೆ ಗಟ್ಟಿ ಬೀಗವಾಗಿದ್ದರೆ ನೀರು ಆರಾಮಾಗಿ ನುಗ್ಗಿ ಫಾಸ್ಫೇಟನ್ನು ಎತ್ತಿಕೊಂಡು ಹೋಗಬೇಕಿತ್ತು, ಜೀವಕೋಶದ ಎಟಿಪಿ ಎಲ್ಲ ಪೋಲಾಗಬೇಕಿತ್ತು. ಹಾಗಾಗುವುದಿಲ್ಲ. ನೀರಿನ ಜೊತೆಗಿನ ಕ್ರಿಯೆ ಸುಮಾರು 40,000 ಪಟ್ಟು ನಿಧಾನ. ಡೇನಿಯಲ್ ಕೋಶ್‌ಲ್ಯಾಂಡ್ 1958ರಲ್ಲಿ ಇಂಥ ಒಗಟುಗಳಿಗೆ ಉತ್ತರ ಕೊಟ್ಟರು: ಕಿಣ್ವ ಮೊದಲೇ ಸರಿಯಾದ ಆಕಾರದಲ್ಲಿ ಇರುವುದಿಲ್ಲ, ಸರಿಯಾದ ಅಣು ಬಂದು ಕೂತಾಗ ಆ ಆಕಾರಕ್ಕೆ ಬರುತ್ತದೆ. ಗ್ಲುಕೋಸ್ ಬಂದಾಗ ಹೆಕ್ಸೊಕೈನೇಸಿನ ಎರಡು ಹೋಳುಗಳು ಅದರ ಮೇಲೆ ಮುಚ್ಚಿಕೊಳ್ಳುವುದು ಆಮೇಲೆ ಸ್ಫಟಿಕ ರಚನೆಗಳಲ್ಲಿ ಕಣ್ಣಿಗೇ ಕಂಡಿತು. ಹಿಡಿತದಿಂದ ಬಂದ ಶಕ್ತಿಯ ಒಂದು ಪಾಲು ಕಿಣ್ವ ತನ್ನನ್ನು ತಾನೇ ಬಾಗಿಸಿಕೊಳ್ಳಲು ಖರ್ಚಾಗುತ್ತದೆ. ನೀರಿನ ಬಳಿ ಆ ಖರ್ಚು ತುಂಬುವಷ್ಟು ಹಿಡಿಗಳೇ ಇಲ್ಲ. ಓರೊಟಿಡಿನ್ ಕಥೆಯಲ್ಲಿ ಫಾಸ್ಫೈಟ್ ಮಾಡಿದ್ದೂ ಇದೇ ಬಗೆಯ ಕೆಲಸ.

ಟ್ರಯೋಸ್ ಫಾಸ್ಫೇಟ್ ಐಸೊಮರೇಸ್ ಎಂಬ ಕಿಣ್ವವನ್ನೂ ಹೇಳಲೇಬೇಕು. ಅದರ ಕ್ರಿಯೆಯ ನಡುವೆ ಈನ್‌ಡಯೋಲ್ ಎಂಬ ಮಧ್ಯಂತರ ಅಣು ಹುಟ್ಟುತ್ತದೆ. ಅದನ್ನು ನೀರಿಗೆ ಬಿಟ್ಟರೆ ಬೇಕಾದ ದಾರಿಗಿಂತ ಸುಮಾರು 100 ಪಟ್ಟು ವೇಗವಾಗಿ ಫಾಸ್ಫೇಟ್ ಕಳೆದುಕೊಂಡು ಮೀಥೈಲ್ ಗ್ಲೈಆಕ್ಸಾಲ್ ಎಂಬ ವಿಷಕಾರಿ ವಸ್ತುವಾಗುತ್ತದೆ. ಕಿಣ್ವದಲ್ಲಿ ಹಾಗಾಗುವುದಿಲ್ಲ. ಪ್ರೋಟೀನಿನ ಒಂದು ಕುಣಿಕೆ ಬಂದು ಪೊಟರೆಯ ಬಾಯಿ ಮುಚ್ಚುತ್ತದೆ, ಫಾಸ್ಫೇಟ್ ಕಳಚಿಕೊಳ್ಳಲು ಅನುಕೂಲವಾದ ಭಂಗಿಗೆ ಅಣು ತಿರುಗದಂತೆ ಒತ್ತಿ ಹಿಡಿಯುತ್ತದೆ. ಬೇಕಾದ ಕ್ರಿಯೆಯನ್ನು ಓಡಿಸುವುದರಷ್ಟೇ ಬೇಡದ್ದನ್ನು ತಡೆಯುವುದೂ ಹಿಡಿತದ ಕೆಲಸ ಎಂಬುದನ್ನು ವೇಗವರ್ಧನೆಯ ಬಗ್ಗೆ ಮಾತಾಡುವವರು ಯಾಕೋ ಮರೆಯುತ್ತಾರೆ.

ನಾವೇ ಕಟ್ಟಿದ ಪಂಜರಗಳು

1967ರಲ್ಲಿ ಡ್ಯುಪಾಂಟ್ ಕಂಪನಿಯ ಚಾರ್ಲ್ಸ್ ಪೆಡರ್ಸನ್ ಕ್ರೌನ್ ಈಥರ್‌ಗಳ ಬಗ್ಗೆ ಬರೆದರು. ಇನ್ನೇನನ್ನೋ ಮಾಡಲು ಹೋದಾಗ ಅತ್ಯಲ್ಪ ಪ್ರಮಾಣದಲ್ಲಿ ಸಿಕ್ಕ ಉಪ ಉತ್ಪನ್ನ ಅದು. ಆಮ್ಲಜನಕ ಪರಮಾಣುಗಳು ಒಳಮುಖವಾಗಿರುವ ಒಂದು ಉಂಗುರ. 18-ಕ್ರೌನ್-6ರ ನಡುವಿನ ತೂತಿಗೆ ಪೊಟ್ಯಾಸಿಯಂ ಅಯಾನ್ ಸರಿಯಾಗಿ ಹೊಂದುತ್ತದೆ. ಪಿಎಚ್.ಡಿ. ಮಾಡದ ಪೆಡರ್ಸನ್ 1987ರಲ್ಲಿ ಡೊನಾಲ್ಡ್ ಕ್ರ್ಯಾಮ್ ಮತ್ತು ಜಾನ್-ಮರಿ ಲೆನ್ ಜೊತೆ ನೊಬೆಲ್ ಹಂಚಿಕೊಂಡರು.

ನಮ್ಮ ವಿಷಯಕ್ಕೆ ಇದು ಯಾಕೆ ಮುಖ್ಯ ಎಂದರೆ, ಇಲ್ಲಿ ಹಿಡಿದದ್ದು ಒಂದನ್ನು, ಚುರುಕಾದದ್ದು ಇನ್ನೊಂದು. ಪೊಟ್ಯಾಸಿಯಂ ಪರ್ಮಾಂಗನೇಟ್ ಬೆಂಜೀನಿನಲ್ಲಿ ಕರಗುವುದಿಲ್ಲ. ಕ್ರೌನ್ ಈಥರ್ ಹಾಕಿ, ಬೆಂಜೀನ್ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕ್ರೌನ್ ಪೊಟ್ಯಾಸಿಯಂಗೆ ಎಣ್ಣೆಯ ಹೊದಿಕೆ ಹೊದಿಸಿ ಒಳಗೆಳೆಯುತ್ತದೆ, ಒಂಟಿಯಾಗಿ ಇರಲಾರದ ಪರ್ಮಾಂಗನೇಟ್ ಅದರ ಬೆನ್ನಿಗೇ ಬರುತ್ತದೆ. ಬಂದ ಮೇಲೆ ಅದನ್ನು ಸುತ್ತಿಕೊಳ್ಳಲು ನೀರಿಲ್ಲ, ತಬ್ಬಿಕೊಳ್ಳಲು ಪೊಟ್ಯಾಸಿಯಂ ಕೈಗೆ ಸಿಗುವುದಿಲ್ಲ. ಪೊಟ್ಯಾಸಿಯಂ ಫ್ಲೋರೈಡಿನಲ್ಲೂ ಹೀಗೇ. ನೀರಿನಲ್ಲಿ ಫ್ಲೋರೈಡ್ ಅಯಾನ್ ಮೈತುಂಬ ಹೈಡ್ರೋಜನ್ ಬಂಧ ಹೊದ್ದು ಸೋಮಾರಿಯಾಗಿರುತ್ತದೆ. ಕ್ರೌನ್ ಈಥರ್ ಇರುವ ಅಸಿಟೊನೈಟ್ರೈಲಿನಲ್ಲಿ ಅದು ಬೆತ್ತಲಾಗುತ್ತದೆ, ಆಗ ಹ್ಯಾಲೋಜನ್ ಸಂಯುಕ್ತಗಳ ಮೇಲೆ ಎರಗುತ್ತದೆ. 1974ರಲ್ಲಿ ಚಾರ್ಲ್ಸ್ ಲಿಯೊಟ್ಟಾ ಮತ್ತು ಹ್ಯಾರಿಸ್ ಇದನ್ನು ತೋರಿಸಿದರು.

ಸೈಕ್ಲೊಡೆಕ್ಸ್‌ಟ್ರಿನ್‌ಗಳದ್ದು ಬೇರೆ ರೀತಿ. ಆರು, ಏಳು ಅಥವಾ ಎಂಟು ಗ್ಲುಕೋಸ್ ಘಟಕಗಳು ಸುತ್ತಿಕೊಂಡು ಆದ ತಳವಿಲ್ಲದ ಬಟ್ಟಲುಗಳಿವು. ಅನಿಸೋಲ್ ಎಂಬ ಬೆಂಜೀನ್ ಸಂಯುಕ್ತಕ್ಕೆ ನೀರಿನಲ್ಲಿ ಕ್ಲೋರಿನ್ ಸೇರಿಸಿದರೆ ಪ್ಯಾರಾ ಜಾಗದಲ್ಲಿ (ಉಂಗುರದ ಎದುರು ತುದಿ) ಸುಮಾರು 60 ಭಾಗ, ಆರ್ಥೊ ಜಾಗದಲ್ಲಿ (ಪಕ್ಕದ ಜಾಗ) 40 ಭಾಗ ಹೋಗಿ ಕೂರುತ್ತದೆ. 1969ರಲ್ಲಿ ರೊನಾಲ್ಡ್ ಬ್ರೆಸ್ಲೊ ಮತ್ತು ಕ್ಯಾಂಬೆಲ್ ಇದೇ ಕ್ರಿಯೆಯನ್ನು ಆಲ್ಫಾ ಸೈಕ್ಲೊಡೆಕ್ಸ್‌ಟ್ರಿನ್ ಇಟ್ಟು ಮಾಡಿದಾಗ ಪ್ಯಾರಾ ಪಾಲು ಸುಮಾರು 96ಕ್ಕೆ ಏರಿತು. ಅನಿಸೋಲ್ ಬಟ್ಟಲಿನೊಳಗೆ ತೂರಿದಾಗ ಆರ್ಥೊ ಜಾಗಗಳು ಗೋಡೆಯ ಮರೆಗೆ ಹೋಗುತ್ತವೆ, ಪ್ಯಾರಾ ಒಂದೇ ಬಾಯಿಗೆ ಸಿಗುತ್ತದೆ. ಅದೂ ಅಲ್ಲದೆ ಬಟ್ಟಲಿನ ಅಂಚಿನ ಓಎಚ್ ಗುಂಪೇ ಕ್ಲೋರಿನ್ ಹಿಡಿದು ಅಲ್ಲಿಗೆ ದಾಟಿಸುತ್ತದೆ.

ಇನ್ನು ಬಂಧನದ ಕಥೆ. ಸೈಕ್ಲೊಬ್ಯುಟಡೈನ್ ಎಂಬ ನಾಲ್ಕು ಇಂಗಾಲದ ಚೌಕ ಹುಟ್ಟಿದ ತಕ್ಷಣ ತನ್ನಂಥದ್ದೇ ಇನ್ನೊಂದರ ಜೊತೆ ಸೇರಿ ಮುಗಿದುಹೋಗುತ್ತದೆ. ಹೆಪ್ಪುಗಟ್ಟಿದ ಆರ್ಗಾನಿನಲ್ಲಿ ಹೂತಿಟ್ಟು ಮಾತ್ರ ನೋಡಲು ಸಾಧ್ಯವಿತ್ತು. 1991ರಲ್ಲಿ ಕ್ರ್ಯಾಮ್ ಅವರ ತಂಡ ಆಲ್ಫಾ ಪೈರೋನ್ ಎಂಬ ಅಣುವನ್ನು ಒಂದು ಆಣ್ವಿಕ ಪಂಜರದೊಳಗೆ ಕೂಡಿಹಾಕಿ ಬೆಳಕು ಬಿಟ್ಟಿತು. ಇಂಗಾಲದ ಡೈಆಕ್ಸೈಡ್ ಗೋಡೆಯ ಸಂದಿಯಿಂದ ಹೊರಗೆ ಹೋಯಿತು, ಒಳಗುಳಿದ ಸೈಕ್ಲೊಬ್ಯುಟಡೈನ್ ಕೋಣೆಯ ಉಷ್ಣತೆಯಲ್ಲೇ ತಣ್ಣಗೆ ಕೂತಿತು. ಅದರ ಸ್ವಭಾವ ಎಳ್ಳಷ್ಟೂ ಬದಲಾಗಿರಲಿಲ್ಲ, ಕೂಡಲು ಜೊತೆ ಸಿಗಲಿಲ್ಲ ಅಷ್ಟೆ. 2009ರಲ್ಲಿ ಜೊನಾಥನ್ ನಿಶ್ಕೆ ಅವರ ತಂಡ ಗಾಳಿ ತಾಕಿದರೆ ಹೊತ್ತಿಕೊಳ್ಳುವ ಬಿಳಿ ರಂಜಕವನ್ನು ನಾಲ್ಕು ಕಬ್ಬಿಣದ ಅಯಾನುಗಳ ಪಂಜರದಲ್ಲಿಟ್ಟು ಗಾಳಿಯಲ್ಲೇ ಕಾಪಾಡಿತು. ಆಮ್ಲಜನಕ ಸೇರಿದರೆ ಆಗುವ ಅಣು ಪಂಜರದೊಳಗೆ ಹಿಡಿಸುವುದಿಲ್ಲ, ಹಾಗಾಗಿ ಕ್ರಿಯೆ ಶುರುವಾಗಲು ಜಾಗವೇ ಇಲ್ಲ ಎಂಬುದು ಅವರ ವಿವರಣೆ. ಬೆಂಜೀನ್ ಸೇರಿಸಿದರೆ ಅದು ಒಳಗೆ ನುಗ್ಗಿ ರಂಜಕವನ್ನು ಹೊರದಬ್ಬುತ್ತದೆ, ರಂಜಕ ಮತ್ತೆ ಹಳೆಯ ಚಾಳಿಗೆ ಬೀಳುತ್ತದೆ.

ಸುತ್ತಲಿನ ದ್ರಾವಣ ಒಂದು, ಪಂಜರದ ಒಳಗಿನ ಲೋಕ ಇನ್ನೊಂದು ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಕೆನ್ನೆತ್ ರೇಮಂಡ್, ರಾಬರ್ಟ್ ಬರ್ಗ್‌ಮನ್ ಬಳಗದ್ದು. ನಾಲ್ಕು ಗ್ಯಾಲಿಯಂ ಅಯಾನು, ಆರು ಜೋಡಣೆ ಅಣುಗಳಿಂದ ಆದ ಅವರ ಪಂಜರದ ಮೇಲೆ 12 ಋಣ ವಿದ್ಯುದಂಶ ಇದೆ. ಧನ ವಿದ್ಯುದಂಶದ ಅತಿಥಿ ಒಳಗೆ ಬಂದರೆ ಅದಕ್ಕೆ ಸಂಭ್ರಮ. ಆರ್ಥೊಫಾರ್ಮೇಟ್ ಎಂಬ ಸಂಯುಕ್ತಗಳನ್ನು ಒಡೆಯಲು ಆಮ್ಲ ಬೇಕು, ಪ್ರತ್ಯಾಮ್ಲದಲ್ಲಿ ಅವು ಜಪ್ಪಯ್ಯ ಎಂದರೂ ಅಲುಗಾಡುವುದಿಲ್ಲ. 2007ರಲ್ಲಿ ಈ ಬಳಗ ಪ್ರತ್ಯಾಮ್ಲೀಯ ದ್ರಾವಣದಲ್ಲೇ ಅವನ್ನು ಒಡೆದು ತೋರಿಸಿತು. ಹೊರಗೆ ಪ್ರೋಟಾನ್‌ಗಳ ಬರ, ಆದರೂ ಪಂಜರದೊಳಗಿನ ಅಣು ಪ್ರೋಟಾನ್ ಹಿಡಿದು ಧನವಾದರೆ ಗೋಡೆಗಳು ಅದನ್ನು ಸಂತೈಸುತ್ತವೆ.

ಬಿಡುವ ಸಮಸ್ಯೆ

ಇಷ್ಟೆಲ್ಲ ಹೇಳಿದ ಮೇಲೆ, ಪಂಜರ ಕಟ್ಟಿದರೆ ವೇಗವರ್ಧಕ ಸಿಕ್ಕಿಬಿಟ್ಟಿತು ಎನ್ನಿಸಬಹುದು. ಎರಡು ಅಣುಗಳನ್ನು ಒಂದೇ ಪೊಟರೆಯಲ್ಲಿ ಸರಿಯಾದ ಭಂಗಿಯಲ್ಲಿ ಕೂರಿಸುವುದರಿಂದ ಭಾರೀ ಲಾಭವಿರುವುದು ನಿಜ. ದೊಡ್ಡ ಮೈದಾನದಲ್ಲಿ ಅಲೆದಾಡುವ ಇಬ್ಬರು ಅಕಸ್ಮಾತ್ತಾಗಿ ಎದುರಾಗುವುದಕ್ಕೂ ಒಂದೇ ಬೆಂಚಿನ ಮೇಲೆ ಕೂತಿರುವುದಕ್ಕೂ ಇರುವ ವ್ಯತ್ಯಾಸ ಇದು. ಮೈಕಲ್ ಪೇಜ್ ಮತ್ತು ಜೆಂಕ್ಸ್ 1971ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಈ ಲಾಭ ಹತ್ತು ಕೋಟಿ ಮೋಲಾರ್‌ವರೆಗೂ ಹೋಗಬಹುದು. ಶುದ್ಧ ನೀರಿನಲ್ಲಿ ನೀರಿನ ಸಾಂದ್ರತೆಯೇ 55 ಮೋಲಾರ್. ಅಂದರೆ ಯಾವ ದ್ರಾವಣವನ್ನು ಎಷ್ಟು ದಟ್ಟ ಮಾಡಿದರೂ ಅಷ್ಟು ಲಾಭ ಗಿಟ್ಟುವುದಿಲ್ಲ.

1983ರಲ್ಲಿ ವಿಲಿಯಂ ಮಾಕ್ ಕುಕುರ್ಬಿಟುರಿಲ್ ಎಂಬ ಪೀಪಾಯಿಯಾಕಾರದ ಅಣುವಿನೊಳಗೆ ಒಂದು ಅಜೈಡನ್ನೂ (ಮೂರು ಸಾರಜನಕ ಸಾಲಾಗಿರುವ ಅಣು) ಒಂದು ಆಲ್ಕೈನನ್ನೂ (ಎರಡು ಇಂಗಾಲಗಳ ನಡುವೆ ತ್ರಿಬಂಧ ಇರುವ ಅಣು) ಕೂಡಿಸಿದರು. ಎರಡಕ್ಕೂ ಅಮೋನಿಯಂ ತುದಿಗಳಿದ್ದವು. ಪೀಪಾಯಿಯ ಎರಡು ಬಾಯಿಗಳ ಅಂಚಿನ ಆಮ್ಲಜನಕಗಳು ಒಂದೊಂದು ತುದಿಯನ್ನು ಹಿಡಿದುಕೊಂಡವು, ನಡುವೆ ಅಜೈಡ್ ಮತ್ತು ಆಲ್ಕೈನ್ ಮುಖಾಮುಖಿಯಾದವು. ಕ್ರಿಯೆ ಸುಮಾರು 55,000 ಪಟ್ಟು ವೇಗವಾಯಿತು, ಎರಡು ಉತ್ಪನ್ನಗಳ ಬದಲು ಒಂದೇ ಸಿಕ್ಕಿತು. ಆದರೆ ಆ ಉತ್ಪನ್ನದ ಎರಡೂ ತುದಿಗಳು ಈಗ ಎರಡೂ ಬಾಯಿಗಳಿಗೆ ಸಿಕ್ಕಿಕೊಂಡಿವೆ, ಹೊರಗೆ ಬರಲು ಒಲ್ಲದು. 1997ರಲ್ಲಿ ಜೂಲಿಯಸ್ ರೆಬೆಕ್ ಅವರ ತಂಡ ಹೈಡ್ರೋಜನ್ ಬಂಧಗಳಿಂದ ಅಂಟಿದ ಚೆಂಡಿನಂಥ ಸಂಪುಟದಲ್ಲಿ ಬೆಂಜೊಕ್ವಿನೋನನ್ನೂ ಸೈಕ್ಲೊಹೆಕ್ಸಾಡೈನನ್ನೂ ಕೂಡಿಸಿದಾಗ ಕ್ರಿಯೆ ಸುಮಾರು 200 ಪಟ್ಟು ಚುರುಕಾಯಿತು. ಅಲ್ಲೂ ಅದೇ ಹಣೆಬರಹ. ಎರಡು ಅತಿಥಿಗಳನ್ನು ಕೂಡಿಡುವುದಕ್ಕಿಂತ ಎರಡೂ ಸೇರಿ ಆದ ಒಂದನ್ನು ಇಟ್ಟುಕೊಳ್ಳುವುದು ಎಂಟ್ರೊಪಿಯ (ಅಸ್ತವ್ಯಸ್ತತೆಯ) ಲೆಕ್ಕದಲ್ಲಿ ಅಗ್ಗ, ಹಾಗಾಗಿ ಸಂಪುಟ ಉತ್ಪನ್ನಕ್ಕೇ ಜೋತುಬಿದ್ದಿತು. ಒಂದು ಸಲ ಕೆಲಸ ಮಾಡಿ ಸುಮ್ಮನಾಗುವುದನ್ನು ವೇಗವರ್ಧಕ ಎನ್ನಲಾಗದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯಗಳು ಒಂದಕ್ಕಿಂತ ಒಂದು ಜಾಣ. ಗ್ಯಾಲಿಯಂ ಪಂಜರದಲ್ಲಿ ಆರ್ಥೊಫಾರ್ಮೇಟ್ ಒಡೆದು ಆದ ಎಸ್ಟರನ್ನು ಹೊರಗಿನ ಪ್ರತ್ಯಾಮ್ಲ ಮುಂದೆ ಫಾರ್ಮೇಟ್ ಅಯಾನಾಗಿ ಒಡೆಯುತ್ತದೆ. ಅದು ಋಣ, ಪಂಜರವೂ ಋಣ, ಮತ್ತೆ ಒಳಗೆ ಬರುವ ಮಾತೇ ಇಲ್ಲ. ಅದೇ ಪಂಜರದಲ್ಲಿ 2010ರಲ್ಲಿ ನಜಾರೊವ್ ಎಂಬ, ಉಂಗುರ ಕಟ್ಟುವ ಕ್ರಿಯೆ ಇಪ್ಪತ್ತು ಲಕ್ಷ ಪಟ್ಟು ವೇಗ ಪಡೆಯಿತು. ಅಲ್ಲಿ ಉತ್ಪನ್ನ ಒಳಗೇ ಕೂರುವ ಜಾತಿಯದ್ದು, ಹಾಗಾಗಿ ಮೇಲಿಮೈಡ್ ಸೇರಿಸಿ ಅದನ್ನು ಪಂಜರಕ್ಕೆ ಹಿಡಿಸದ ಬೇರೊಂದು ಅಣುವಾಗಿ ಮಾರ್ಪಡಿಸಿದರು. ಮಕೊಟೊ ಫುಜಿತಾ ಅವರ 2006ರ ಕೆಲಸದಲ್ಲಿ ಎರಡೂ ಮುಖಗಳು ಒಟ್ಟಿಗೇ ಕಾಣುತ್ತವೆ. ಮೂರು ಉಂಗುರ ಸಾಲಾಗಿ ಸೇರಿದ ಆಂಥ್ರಸೀನ್ ಅಣು, ಎರಡು ಅಣುಗಳು ಕೂಡಿ ಹೊಸ ಉಂಗುರ ಕಟ್ಟುವ ಡೀಲ್ಸ್-ಆಲ್ಡರ್ ಕ್ರಿಯೆಗೆ ಯಾವಾಗಲೂ ನಡುವಿನ ಉಂಗುರವನ್ನೇ ಒಡ್ಡುತ್ತದೆ. ಪಲಾಡಿಯಂ ಪಂಜರದಲ್ಲಿ ಇಕ್ಕಟ್ಟಾಗಿ ಕೂತಾಗ ಎದುರಿಗೆ ಸಿಕ್ಕಿದ್ದು ತುದಿಯ ಉಂಗುರ, ಕ್ರಿಯೆ ಅಲ್ಲೇ ನಡೆಯಿತು. ಹೊರಗೆಲ್ಲೂ ಸುಲಭವಾಗಿ ಸಿಗದ ಉತ್ಪನ್ನ, ಆದರೆ ಪಂಜರ ಅದನ್ನು ಬಿಡಲಿಲ್ಲ. ಮುಚ್ಚಿದ ಪಂಜರದ ಬದಲು ತೆರೆದ ಬೋಗುಣಿಯಾಕಾರ ಬಳಸಿದಾಗ ಕ್ರಿಯೆ ಎಂದಿನಂತೆ ನಡುವಿನ ಉಂಗುರದಲ್ಲಿ ನಡೆಯಿತು. ಚಪ್ಪಟೆಯಾಗಿದ್ದ ಅಣು ಬಾಗಿತು, ಬಾಗಿದ್ದಕ್ಕೆ ಬೋಗುಣಿಯ ಗೋಡೆಗೆ ಒತ್ತಿ ಕೂರಲಾಗದೆ ಹೊರಬಿತ್ತು, ಆ ಜಾಗಕ್ಕೆ ಹೊಸದು ಬಂತು. ಒಂದರಲ್ಲಿ ಅಪರೂಪದ ಆಯ್ಕೆ, ಇನ್ನೊಂದರಲ್ಲಿ ತಿರುಗುವ ಚಕ್ರ. ಎರಡನ್ನೂ ಒಂದೇ ಪಾತ್ರೆಯಲ್ಲಿ ಪಡೆಯುವುದು ಈ ಕ್ಷೇತ್ರದವರ ಕನಸು.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು: ಹಿಡಿತ ಎಂದರೆ ಬರೀ ಆಕಾರವೇ? ಅಲ್ಲ. ಏರಿಯೆ ವಾರ್ಶೆಲ್ ದಶಕಗಳಿಂದ ವಾದಿಸುತ್ತ ಬಂದದ್ದು, ಕಿಣ್ವದ ಪೊಟರೆಯ ದ್ವಿಧ್ರುವಗಳು (ಒಂದು ತುದಿ ಧನ, ಇನ್ನೊಂದು ಋಣ ಇರುವ ಗುಂಪುಗಳು) ಸಂಕ್ರಮಣ ಸ್ಥಿತಿಯ ವಿದ್ಯುದಂಶಕ್ಕೆ ಮೊದಲೇ ಮುಖ ಮಾಡಿ ನಿಂತಿರುತ್ತವೆ ಎಂದು. ನೀರಿನ ಅಣುಗಳಾದರೆ ಪ್ರತಿ ಸಲ ತಿರುಗಿ ನಿಲ್ಲಬೇಕು, ಅದಕ್ಕೆ ಶಕ್ತಿ ಬೇಕು. 2014ರಲ್ಲಿ ಸ್ಟೀವನ್ ಬಾಕ್ಸರ್ ಅವರ ತಂಡ ಕೀಟೊಸ್ಟೀರಾಯ್ಡ್ ಐಸೊಮರೇಸ್ ಪೊಟರೆಯೊಳಗಿನ ವಿದ್ಯುತ್ ಕ್ಷೇತ್ರವನ್ನು ಅಳೆದಾಗ ಸೆಂಟಿಮೀಟರಿಗೆ 14.4 ಕೋಟಿ ವೋಲ್ಟ್ ಸಿಕ್ಕಿತು. ಗಾಳಿಯಲ್ಲಿ ಕಿಡಿ ಹಾರಲು ಸೆಂಟಿಮೀಟರಿಗೆ 30,000 ವೋಲ್ಟ್ ಸಾಕು.

ಇನ್ನೊಬ್ಬರ ಪ್ರಶ್ನೆ ಸಹಜವಾದದ್ದು: ಇಷ್ಟೆಲ್ಲ ಗೊತ್ತಿದ್ದರೆ ಹೊಸ ಕಿಣ್ವವನ್ನೇ ಕಟ್ಟಬಹುದಲ್ಲ? ಕಟ್ಟಿದ್ದಾರೆ. ಕೆಂಪ್ ಎಲಿಮಿನೇಶನ್ ಎಂಬ, ಪ್ರಕೃತಿಯಲ್ಲಿ ಯಾವ ಕಿಣ್ವಕ್ಕೂ ವಹಿಸದ ಕ್ರಿಯೆಯನ್ನು ಆರಿಸಿಕೊಂಡು, ಅದರ ಸಂಕ್ರಮಣ ಸ್ಥಿತಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಅದರ ಸುತ್ತ ಪ್ರೋಟೀನ್ ಪೊಟರೆ ಹೆಣೆಯುವ ಕೆಲಸವನ್ನು 2008ರಲ್ಲಿ ಡೇವಿಡ್ ಬೇಕರ್ ಅವರ ತಂಡ ಮಾಡಿತು. ಮೊದಲ ವಿನ್ಯಾಸಗಳು ಕೆಲಸ ಮಾಡಿದವು, ಆದರೆ ಸಾಧಾರಣವಾಗಿ. ಬೇರೆ ತಂಡದ ಎಚ್‌ಜಿ-3 ಎಂಬ ಇನ್ನೊಂದು ವಿನ್ಯಾಸವನ್ನು ಡೊನಾಲ್ಡ್ ಹಿಲ್ವರ್ಟ್ ಅವರ ಪ್ರಯೋಗಾಲಯ ತೆಗೆದುಕೊಂಡು, ಯಾದೃಚ್ಛಿಕ ಬದಲಾವಣೆ ಮಾಡುವುದು, ಉತ್ತಮವಾದದ್ದನ್ನು ಆರಿಸುವುದು, ಮತ್ತೆ ಬದಲಿಸುವುದು ಎಂದು 17 ಸುತ್ತು ನಡೆಸಿತು. 2013ರಲ್ಲಿ ಪ್ರಕಟವಾದ ಆ ಕೊನೆಯ ರೂಪ ಸೆಕೆಂಡಿಗೆ ಸುಮಾರು 700 ಸಲ ಕೆಲಸ ಮಾಡುತ್ತದೆ. ಪಡಿಯಚ್ಚಿನ ಜೊತೆಗಿನ ಅದರ ಸ್ಫಟಿಕ ರಚನೆ ನೋಡಿದಾಗ ಪೊಟರೆ ಮೈಗಂಟಿದಂತೆ ಹೊಂದಿತ್ತು. ಸಂಕ್ರಮಣ ಸ್ಥಿತಿಯಲ್ಲಿ ಆಮ್ಲಜನಕದ ಮೇಲೆ ಮೂಡುವ ಋಣ ವಿದ್ಯುದಂಶಕ್ಕೆ ಎದುರಾಗಿ, ಪ್ರೋಟೀನ್ ಸರಪಳಿಯ 50ನೇ ಜಾಗದಲ್ಲಿ, ಗ್ಲುಟಮೈನ್ ಎಂಬ ಅಮೈನೊ ಆಮ್ಲವೊಂದು ಹೈಡ್ರೋಜನ್ ಬಂಧ ಚಾಚಿ ನಿಂತಿತ್ತು. ಕಂಪ್ಯೂಟರ್ ಬರೆದುಕೊಟ್ಟ ಮೂಲ ವಿನ್ಯಾಸದಲ್ಲಿ ಆ ಜಾಗದಲ್ಲಿ ಗ್ಲುಟಮೈನ್ ಇರಲಿಲ್ಲ.